ಹೆಜ್ಜೆಯ ಜಾಡು

ಊರಾಚೆಯ ಬಯಲಿನಲ್ಲಿ ಹಾದುಹೋಗುವ ಕಾಲುದಾರಿಯನ್ನು ಯಾರೂ ಅಳತೆ ಹಿಡಿದು ನಿರ್ಮಿಸಿದುದಲ್ಲ. ಕೆರೆಯಿಂದ ನೀರು ತರಲು ಹೋದವರು, ದನಗಳನ್ನು ಮೇವಿಗೆ ಅಟ್ಟಿಕೊಂಡು ಹೊರಟವರು, ತಲೆಯ ಮೇಲೆ ಗಂಟು ಹೊತ್ತು ಸಂತೆಗೆ ನಡೆದವರು ದಿನದಿನವೂ ಇಟ್ಟ ಹೆಜ್ಜೆಗಳೇ ಅದನ್ನು ರೂಪಿಸಿವೆ. ಆ ದಾರಿ ಒಂದೆಡೆ ಬಂಡೆಯನ್ನು ಬಳಸಿ ಸಾಗುತ್ತದೆ. ಇನ್ನೊಂದೆಡೆ ಹೊಂಗೆಯ ನೆರಳಿನತ್ತ ಬಾಗುತ್ತದೆ. ಮತ್ತೊಂದೆಡೆ ಹಳ್ಳದ ಆಳವಿಲ್ಲದ ಜಾಗವನ್ನು ಹುಡುಕಿ ದಾಟುತ್ತದೆ. ನೆಲವು ಮನುಷ್ಯನ ನಡಿಗೆಯನ್ನು ತಿದ್ದುವಂತೆಯೇ ಮನುಷ್ಯನ ನಡಿಗೆಯೂ ನೆಲವನ್ನು ತಿದ್ದುತ್ತದೆ. ಇವೆರಡರ ಹಳೆಯ ನಂಟಿಗೆ ಕಾಲುದಾರಿಯೇ ಸಾಕ್ಷಿ.

ಆದರೆ ಈ ಸಾಕ್ಷ್ಯ ಪೂರ್ಣವಾದುದಲ್ಲ. ಹಲವರು ಹಲವು ಕಾಲ ತುಳಿದ ದಾರಿ ಮಾತ್ರ ಉಳಿಯುತ್ತದೆ. ಒಬ್ಬನೇ ಒಮ್ಮೆ ನಡೆದುಹೋದ ಜಾಡು ಮೊದಲ ಮಳೆಗೇ ಅಳಿಸಿಹೋಗುತ್ತದೆ. ಆದುದರಿಂದ, ಜನರು ತಮ್ಮ ಸುತ್ತಣ ನೆಲವನ್ನು ಹೇಗೆ ಬಳಸುತ್ತಾರೆಂಬುದನ್ನು ಅರಿಯಬಯಸಿದ ವಿದ್ವಾಂಸರಿಗೆ ಬಹುಕಾಲ ಎರಡೇ ಉಪಾಯಗಳಿದ್ದವು: ಅವರನ್ನು ಕೇಳಿ ತಿಳಿಯುವುದು, ಇಲ್ಲವೇ ಅವರ ಬೆನ್ನಹಿಂದೆ ತಾವೂ ನಡೆಯುವುದು. ಕೇಳಿದರೆ ನೆನಪು ತಪ್ಪಬಹುದು. ಜೊತೆಯಲ್ಲಿ ನಡೆದರೆ ಏಕಕಾಲದಲ್ಲಿ ಒಬ್ಬರನ್ನು ಮಾತ್ರ ಹಿಂಬಾಲಿಸಲು ಸಾಧ್ಯ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದ ಸಾಧನವೆಂದರೆ ಉಪಗ್ರಹಗಳ ನೆರವಿನಿಂದ ಸ್ಥಾನವನ್ನು ಗುರುತಿಸುವ ಜಿ.ಪಿ.ಎಸ್. ವ್ಯವಸ್ಥೆ.

ಇದರ ತತ್ತ್ವ ಸರಳವಾದುದು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಾವಿರುವ ಸ್ಥಾನವನ್ನೂ ಆ ಕ್ಷಣದ ಸಮಯವನ್ನೂ ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತವೆ. ಅಲೆಯು ಉಪಗ್ರಹದಿಂದ ನಮ್ಮ ಕೈಯಲ್ಲಿರುವ ಯಂತ್ರವನ್ನು ಮುಟ್ಟಲು ತೆಗೆದುಕೊಂಡ ಕಾಲದಿಂದ ಅವೆರಡರ ನಡುವಣ ದೂರ ತಿಳಿಯುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ದೂರ ತಿಳಿದರೆ ಯಂತ್ರವು ತಾನಿರುವ ಜಾಗವನ್ನು ಲೆಕ್ಕ ಹಾಕಬಲ್ಲದು. ಈ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಅಮೆರಿಕ ದೇಶವು 1978ರಲ್ಲಿ ಹಾರಿಸಿತು. ಸೈನ್ಯದ ಉಪಯೋಗಕ್ಕೆಂದು ಹುಟ್ಟಿದ ಈ ವ್ಯವಸ್ಥೆಯ ಸಂಕೇತಗಳು ಜನಸಾಮಾನ್ಯರಿಗೆ ಬಹುಕಾಲ ಬೇಕೆಂದೇ ಮಸುಕುಗೊಳಿಸಿದ ರೂಪದಲ್ಲಿ ದೊರೆಯುತ್ತಿದ್ದವು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಲಾಯಿತು. ಅಂದಿನಿಂದ ಸಾಮಾನ್ಯ ಯಂತ್ರವೂ ಕೆಲವೇ ಮೀಟರುಗಳ ಅಂತರದೊಳಗೆ ಸ್ಥಾನವನ್ನು ಸೂಚಿಸಬಲ್ಲುದಾಯಿತು. ಭಾರತವೂ 2013ರಲ್ಲಿ ತನ್ನದೇ ಆದ ಇಂತಹ ಉಪಗ್ರಹಗಳಲ್ಲಿ ಮೊದಲನೆಯದನ್ನು ಹಾರಿಸಿತು. ಆ ವ್ಯವಸ್ಥೆಗೆ ನಾವಿಕ್ ಎಂದು ಹೆಸರು.

ಈ ಸಾಧನದಿಂದ ತಿಳಿದುಬಂದ ಸಂಗತಿಗಳಿಗೆ ಆಫ್ರಿಕಾದ ನಿದರ್ಶನವೊಂದನ್ನು ನೋಡೋಣ. ಟಾಂಜಾನಿಯಾ ದೇಶದ ಉತ್ತರ ಭಾಗದಲ್ಲಿ, ಎಯಾಸಿ ಸರೋವರದ ಸುತ್ತಮುತ್ತ, ಹಾಡ್ಜಾ ಎಂಬ ಜನರಿದ್ದಾರೆ. ಅವರಲ್ಲಿ ಕೆಲವರು ಇಂದಿಗೂ ಬೇಟೆಯಾಡಿ, ಜೇನು ಕಿತ್ತು, ಗೆಡ್ಡೆ ಅಗೆದು, ಕಾಡಿನ ಹಣ್ಣುಗಳನ್ನು ಆಯ್ದು ಜೀವಿಸುತ್ತಾರೆ. ನಮ್ಮ ಸವಣೂರಿನ ಜನ ದೊಡ್ಡಹುಣಸೆ ಎಂದು ಕರೆಯುವ ಬಾವೊಬಾಬ್ ಮರದ ಹಣ್ಣು ಅವರಿಗೆ ಮುಖ್ಯ ಆಹಾರಗಳಲ್ಲೊಂದು. ಸಂಶೋಧಕರು ಹಾಡ್ಜಾ ಸ್ತ್ರೀಪುರುಷರಿಗೆ ಧರಿಸಿಕೊಳ್ಳಲು ಪುಟ್ಟ ಜಿ.ಪಿ.ಎಸ್. ಯಂತ್ರಗಳನ್ನು ಕೊಟ್ಟು ಅವರ ಓಡಾಟವನ್ನು ದಾಖಲಿಸಿದರು. ಒಬ್ಬರ ಒಂದು ದಿನದ ಓಡಾಟವನ್ನು ಒಂದೆಂದು ಎಣಿಸಿದರೆ ಒಟ್ಟು 2,078 ದಿನಗಳ ದಾಖಲೆ ದೊರೆಯಿತು. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಗಂಡಸರು ದಿನಕ್ಕೆ ಸರಾಸರಿ ಸುಮಾರು 13 ಕಿಲೋಮೀಟರ್, ಹೆಂಗಸರು ಸುಮಾರು 8 ಕಿಲೋಮೀಟರ್ ನಡೆಯುತ್ತಿದ್ದರು. ಗಂಡಸರ ಜಾಡು ಹೆಚ್ಚು ಅಂಕುಡೊಂಕು. ಅವರು ಒಂಟಿಯಾಗಿ ಸಂಚರಿಸುವುದೂ ಹೆಚ್ಚು.

ಈ ಅಂಕಿಗಳನ್ನಷ್ಟೇ ಕಂಡವನು, ಹೆಂಗಸರು ಕಡಮೆ ದುಡಿಯುತ್ತಾರೆಂದೋ ಅವರಿಗೆ ಕಾಡಿನ ಪರಿಚಯ ಅಲ್ಪವೆಂದೋ ಅವಸರದ ತೀರ್ಮಾನಕ್ಕೆ ಬರಬಹುದು. ಅದು ತಪ್ಪು. ಬೇಟೆಯ ಪ್ರಾಣಿ ನಿಂತಲ್ಲಿ ನಿಲ್ಲುವುದಿಲ್ಲ; ಜೇನುಗೂಡು ಯಾವ ಮರದಲ್ಲಿದೆಯೆಂಬುದೂ ಮೊದಲೇ ತಿಳಿದಿರುವುದಿಲ್ಲ. ಅವನ್ನು ಅರಸುವವನು ಬಳಸಿ ಬಳಸಿ ನಡೆಯಲೇಬೇಕು. ಗೆಡ್ಡೆಯಾದರೋ ಇದ್ದ ಜಾಗದಲ್ಲಿಯೇ ಇರುತ್ತದೆ. ಅದು ಬೆಳೆಯುವ ತಾಣವನ್ನು ಬಲ್ಲ ಹೆಂಗಸರು ಗುಂಪುಗೂಡಿ ನೇರವಾಗಿ ಅಲ್ಲಿಗೆ ಹೋಗಿ, ಗಟ್ಟಿನೆಲವನ್ನು ಕೋಲಿನಿಂದ ಅಗೆಯುತ್ತಾರೆ. ಆ ಹೊತ್ತಿನಲ್ಲಿ ಯಂತ್ರವು ಒಂದೇ ಜಾಗವನ್ನು ಮತ್ತೆ ಮತ್ತೆ ಬರೆದುಕೊಳ್ಳುತ್ತದೆಯೇ ಹೊರತು ಅಗೆಯುವ ಶ್ರಮವನ್ನಾಗಲಿ, ಬೆನ್ನಿಗೆ ಕಟ್ಟಿಕೊಂಡ ಕೂಸಿನ ಭಾರವನ್ನಾಗಲಿ ಬರೆದುಕೊಳ್ಳುವುದಿಲ್ಲ. ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಯಂತ್ರದಲ್ಲಿ ಉತ್ತರವಿದೆ. ಏಕೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನಡೆದವರೇ. ಆದುದರಿಂದಲೇ ಒಳ್ಳೆಯ ಸಂಶೋಧಕರು ಜಾಡನ್ನು ನಕ್ಷೆಯಲ್ಲಿ ನೋಡಿದ ಮೇಲೂ ಜನರ ನಡುವೆ ಇದ್ದು ಅವರ ಬಾಳನ್ನು ಅರಿಯಲು ಯತ್ನಿಸುತ್ತಾರೆ.

ಇಂತಹ ಅರಿವಿನಿಂದ ಪ್ರಯೋಜನವೇನೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬೇಲಿ, ಹೊಲ, ಕಟ್ಟಡಗಳಿಲ್ಲದ ನೆಲ ಹೊರಗಿನವರ ಕಣ್ಣಿಗೆ ಬರಿದಾಗಿ ತೋರುತ್ತದೆ. ಬರಿದಾದ ನೆಲಕ್ಕೆ ಒಡೆಯರಿಲ್ಲವೆಂದು ಭಾವಿಸುವುದು ಸುಲಭ. ಆದರೆ ನಡಿಗೆಯ ಜಾಡುಗಳನ್ನು ನಕ್ಷೆಯ ಮೇಲೆ ಬಿಡಿಸಿದಾಗ, ಆ ನೆಲದ ಮರ, ನೀರಿನ ಸೆಲೆ, ದಿಣ್ಣೆಗಳೆಲ್ಲವೂ ಯಾರದೋ ಬದುಕಿಗೆ ಆಧಾರವಾಗಿರುವುದು ಗೋಚರವಾಗುತ್ತದೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಉದಾಹರಣೆಯುಂಟು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಸೋಲಿಗರ ತವರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಅನೇಕ ಸೋಲಿಗ ಕುಟುಂಬಗಳು ಕಾಡಿನೊಳಗಿನ ತಮ್ಮ ಹಳೆಯ ನೆಲೆಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ನೆಲೆ ತಪ್ಪಿದರೂ ನೆನಪು ಅಳಿಯಲಿಲ್ಲ. ಮುಂದೆ ಸೋಲಿಗ ಹಿರಿಯರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಕಾಡಿನಲ್ಲಿ ನಡೆದು, ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂದು ತಾವು ಕರೆಯುವ ಪವಿತ್ರ ತಾಣಗಳನ್ನು ತೋರಿಸಿದರು. ಜಿ.ಪಿ.ಎಸ್. ಯಂತ್ರದ ನೆರವಿನಿಂದ ಅಂತಹ ನಾನ್ನೂರಕ್ಕೂ ಹೆಚ್ಚು ತಾಣಗಳು ನಕ್ಷೆಯಲ್ಲಿ ಮೂಡಿದವು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಸೋಲಿಗರ ಸಮುದಾಯದ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಹಕ್ಕನ್ನು ದೊರಕಿಸಿದುದು ಅವರ ದೀರ್ಘಕಾಲದ ಹೋರಾಟ. ಆದರೆ ಹಿರಿಯರ ನಾಲಗೆಯ ಮೇಲೆ ಮಾತ್ರ ಇದ್ದ ಕಾಡು, ಹೊರಗಿನವರೂ ಓದಬಲ್ಲ ನಕ್ಷೆಯಾಗಿ ನಿಂತುದು ಸಣ್ಣ ಸಂಗತಿಯಲ್ಲ.

ಆದರೂ ಈ ವಿದ್ಯೆಯಲ್ಲಿ ಅಪಾಯವೂ ಅಡಗಿದೆ. ಒಬ್ಬನು ಎಲ್ಲಿ ಮಲಗುತ್ತಾನೆ, ಯಾವ ವೈದ್ಯರ ಬಳಿಗೆ ಹೋಗುತ್ತಾನೆ, ಯಾವ ದೇವರಿಗೆ ನಡೆದುಕೊಳ್ಳುತ್ತಾನೆ ಎಂಬುದೆಲ್ಲವನ್ನೂ ಅವನ ಜಾಡು ಬಯಲುಮಾಡಬಲ್ಲದು. ಹೆಸರನ್ನು ಅಳಿಸಿಬಿಟ್ಟರೆ ಸಾಕೆಂದು ನಂಬುವವರುಂಟು. ಹದಿನೈದು ಲಕ್ಷ ಜನರು ಹದಿನೈದು ತಿಂಗಳ ಕಾಲ ಮೊಬೈಲ್ ದೂರವಾಣಿಯೊಡನೆ ಓಡಾಡಿದ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 2013ರಲ್ಲಿ ಈ ನಂಬಿಕೆಯನ್ನು ಅಲ್ಲಗಳೆದರು. ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದನೆಂಬ ನಾಲ್ಕೇ ನಾಲ್ಕು ಸಂಗತಿಗಳು ತಿಳಿದರೆ, ನೂರಕ್ಕೆ ತೊಂಬತ್ತೈದು ಮಂದಿಯ ಜಾಡನ್ನು ಉಳಿದವರ ಜಾಡಿನಿಂದ ಬೇರ್ಪಡಿಸಬಹುದೆಂದು ಅವರು ತೋರಿಸಿಕೊಟ್ಟರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಜಾಡನ್ನು ಅಭ್ಯಾಸ ಮಾಡುವವರಿಗೂ ಈ ಮಾತು ದಾರಿದೀಪ. ನಡೆಯುವವನ ಒಪ್ಪಿಗೆಯನ್ನು ಪಡೆಯಬೇಕು. ದಾಖಲೆ ಯಾವ ಕೆಲಸಕ್ಕೆಂಬುದನ್ನು ಅವನಿಗೆ ತಿಳಿಯುವಂತೆ ಹೇಳಬೇಕು. ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿರಬೇಕು. ಜೇನಿನ ಮರವಾಗಲಿ, ದೇವರ ತಾಣವಾಗಲಿ ಎಲ್ಲರಿಗೂ ತಿಳಿಯಬೇಕೇ ಬೇಡವೇ ಎಂಬುದನ್ನು ಆ ನೆಲದ ಜನರೇ ನಿರ್ಧರಿಸಬೇಕು.

ಕಾಲುದಾರಿಯಲ್ಲಿ ಮೂಡಿದ ಹೆಜ್ಜೆಯನ್ನು ಮಳೆ ಅಳಿಸುತ್ತಿತ್ತು. ಯಂತ್ರದಲ್ಲಿ ಮೂಡಿದ ಹೆಜ್ಜೆಯನ್ನು ಯಾವ ಮಳೆಯೂ ಅಳಿಸಲಾರದು. ಅದನ್ನು ಓದಬಲ್ಲವನು ನೆಲವನ್ನು ಅರಿಯುತ್ತಾನೆ, ಜನರನ್ನೂ ಅರಿಯುತ್ತಾನೆ. ಓದುವ ಮೊದಲು, ನಡೆದವರ ಅಪ್ಪಣೆ ಕೇಳುವ ವಿನಯ ಅವನಲ್ಲಿರಬೇಕು.

ಪ್ರಶ್ನೆಗಳು

1. ಕಾಲುದಾರಿಯನ್ನು ನೆಲ ಮತ್ತು ಮನುಷ್ಯನ ನಂಟಿಗೆ ಸಾಕ್ಷಿಯೆಂದು ಏಕೆ ಹೇಳಲಾಗಿದೆ?
2. ಹಾಡ್ಜಾ ಸ್ತ್ರೀಪುರುಷರ ನಡಿಗೆಯಲ್ಲಿನ ವ್ಯತ್ಯಾಸಕ್ಕೆ ಕಾರಣವೇನು?
3. ಬಿಳಿಗಿರಿರಂಗನ ಬೆಟ್ಟದ ನಕ್ಷೆ ಹೇಗೆ ಸಿದ್ಧವಾಯಿತು?
4. ನಿಮ್ಮ ಊರಿನ ಒಂದು ಕಾಲುದಾರಿಯಲ್ಲಿ ನಡೆದು, ಅದು ಎಲ್ಲೆಲ್ಲಿ, ಏಕೆ ಬಾಗುತ್ತದೆಂಬುದನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.