ನೀರಿನ ಬಿಲ್ಲು ಮತ್ತು ವೀಸಾದ ಹೆದರಿಕೆ

640 ಪೌಂಡಿನ ನೀರಿಗೆ 1,042 ಪೌಂಡ್ ತೆರುವ ದಾರಿ ಹಿಡಿದಿದ್ದ ಗಂಡ ಹೆಂಡತಿ ನಮಗೆ ತುಂಬಾ ಬೇಕಾದವರು. ಹಾಸನದ ಕಡೆಯವರು. ಇಂಗ್ಲೆಂಡಿಗೆ ಓದಲು ಬಂದು ಈಗ ಗ್ರಾಜುಯೇಟ್ ವೀಸಾದಲ್ಲಿದ್ದಾರೆ. ಹುಡುಗನಿಗೆ ಗೋದಾಮಿನಲ್ಲಿ ಪಾಳಿ ಕೆಲಸ. ಮುಂದಿನ ವಾರ ಎಷ್ಟು ಗಂಟೆ ದುಡಿಮೆ ಎನ್ನುವುದು ಹಿಂದಿನ ವಾರದ ಕೊನೆಗಷ್ಟೇ ತಿಳಿಯುತ್ತದೆ. ಹುಡುಗಿ ಮಗುವಾದ ಮೇಲೆ ಮನೆಯಲ್ಲೇ ಇದ್ದಾಳೆ. ವರ್ಷದ ನೀರಿನ ಬಿಲ್ಲು ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ. ಎಳೆ ಮಗುವಿರುವ ಮನೆಗೆ ನೀರು ನಿಲ್ಲಿಸಿಬಿಟ್ಟರೆ ಎಂದು ಹೆದರಿ, ಇಡೀ ಮೊತ್ತವನ್ನು ಕ್ರೆಡಿಟ್ ಕಾರ್ಡಿಗೆ ಹಾಕಿದರು. ಕಾರ್ಡಿನ ಬಡ್ಡಿ 34.9 ಶೇಕಡ ಎಪಿಆರ್.

ಈ ಲೆಕ್ಕವನ್ನು ಅವರ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಮಾಡಿದೆ. ನೀವೂ ನಿಧಾನವಾಗಿ ನೋಡಿ. 34.9 ಶೇಕಡ ಎಂದರೆ ತಿಂಗಳಿಗೆ ಸುಮಾರು ಎರಡೂವರೆ. 640ಕ್ಕೆ ಮೊದಲ ತಿಂಗಳ ಬಡ್ಡಿಯೇ 16 ಪೌಂಡ್ ದಾಟುತ್ತದೆ. ಇವರು ಕಟ್ಟುತ್ತಿದ್ದದ್ದು ತಿಂಗಳಿಗೆ 25. ಅಂದರೆ ಅಸಲಿಗೆ ಹೋಗುವುದು 9 ಪೌಂಡಿಗೂ ಕಡಿಮೆ. ಹೀಗೇ ಕಟ್ಟುತ್ತಾ ಹೋದರೆ ಸಾಲ ತೀರಲು 42 ತಿಂಗಳು ಬೇಕು. ಒಟ್ಟು ಕಟ್ಟುವುದು 1,042. ಅದರಲ್ಲಿ ಬಡ್ಡಿಯೇ 402. ಅಷ್ಟರಲ್ಲಿ ಇನ್ನೂ ಮೂರು ವರ್ಷದ ನೀರಿನ ಬಿಲ್ಲು ಬಂದಿರುತ್ತದೆ. ಅವರ ನೀರಿನ ಕಂಪನಿಯಲ್ಲೋ, ಕಡಿಮೆ ಆದಾಯದ ಮನೆಗಳಿಗೆ ಬಿಲ್ಲನ್ನು ಅರ್ಧಕ್ಕಿಳಿಸುವ ಸೋಶಿಯಲ್ ಟ್ಯಾರಿಫ್ ಇದೆ. ಸಮಯಕ್ಕೆ ಅರ್ಜಿ ಹಾಕಿದ್ದರೆ 320 ಪೌಂಡ್, ಹನ್ನೆರಡು ಕಂತಿನಲ್ಲಿ ತಿಂಗಳಿಗೆ 27ಕ್ಕೂ ಒಳಗೆ. ಕಾರ್ಡಿಗೆ ಕಟ್ಟುತ್ತಿದ್ದುದಕ್ಕಿಂತ ಹೆಚ್ಚುಕಡಿಮೆ ಎರಡೇ ಪೌಂಡ್ ಹೆಚ್ಚು, ಅದೂ ಒಂದೇ ವರ್ಷ.

'ಕ್ರೆಡಿಟ್ ಬಿಲ್ಡರ್' ಎಂದು ಹೆಸರಿಟ್ಟು ಹೊಸದಾಗಿ ಬಂದವರಿಗೆ ಇಂಥ ಕಾರ್ಡು ಮಾರುವವರ ಮೇಲೆ ನನಗೆ ಒಂದಿಷ್ಟೂ ನಂಬಿಕೆಯಿಲ್ಲ. ಪ್ರತಿ ತಿಂಗಳೂ ಪೂರ್ತಿ ತೀರಿಸುವವನಿಗೆ ಅದರಿಂದ ಕ್ರೆಡಿಟ್ ಸ್ಕೋರ್ ಬೆಳೆಯುತ್ತದೆ, ನಿಜ. ಆದರೆ ಗಂಟೆ ಲೆಕ್ಕದ ಕೂಲಿಯವನ ಕೈಗೆ 34.9ರ ಕಾರ್ಡು ಕೊಟ್ಟು, ಕನಿಷ್ಠ ಪಾವತಿಯ ಅಂಕಿಯನ್ನು ದಪ್ಪಕ್ಷರದಲ್ಲಿ ತೋರಿಸುವುದು ಬಡ್ಡಿ ವ್ಯಾಪಾರ. ನೀರಿನ ಬಿಲ್ಲನ್ನಂತೂ ಯಾವ ಕಾರಣಕ್ಕೂ ಅದಕ್ಕೆ ಹಾಕಬಾರದು. ಬಿಲ್ಲು ಕಟ್ಟಿಲ್ಲವೆಂದು ಮನೆಯ ನೀರು ನಿಲ್ಲಿಸುವುದನ್ನು 1999ರ ಕಾಯ್ದೆಯೇ ನಿಷೇಧಿಸಿದೆ. ಬಾಕಿ ಬೆಳೆದರೆ ವಸೂಲಿಯವರು ಬರುತ್ತಾರೆ, ಕ್ರೆಡಿಟ್ ದಾಖಲೆ ಕೆಡುತ್ತದೆ. ಆದರೆ ನಲ್ಲಿ ಬಂದ್ ಆಗುವುದಿಲ್ಲ. ಕಂಪನಿಗೆ ಫೋನ್ ಮಾಡಿ ಕಂತು ಕೇಳಿದರೆ ಅದಕ್ಕೆ ಬಡ್ಡಿಯೂ ಇರುವುದಿಲ್ಲ.

ಅರ್ಜಿ ಯಾಕೆ ಹಾಕಲಿಲ್ಲ ಎಂದರೆ, ಹುಡುಗ ಹಾಕಲು ಕೂತಿದ್ದನಂತೆ. "ಬೆನಿಫಿಟ್ ತಗೊಳ್ತಿದ್ದೀರಾ ಅಂತ ಕೇಳ್ತು ಅಕ್ಕಾ. ವೀಸಾಗೆ ಏನಾದ್ರೂ ಆದ್ರೆ ಅಂತ ಪೇಜೇ ಮುಚ್ಚಿಬಿಟ್ಟೆ" ಎಂದ. ಇದೇ ಮಾತನ್ನು ನಮ್ಮ ಜನರಿಂದ ಮತ್ತೆ ಮತ್ತೆ ಕೇಳಿದ್ದೇನೆ. ನಮ್ಮಲ್ಲಿ ಹೆಚ್ಚಿನವರ ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದೆ. ಆ ಪಬ್ಲಿಕ್ ಫಂಡ್ಸ್ ಯಾವುವು ಎಂಬುದಕ್ಕೆ ವಲಸೆ ನಿಯಮದಲ್ಲೇ ಪಟ್ಟಿಯಿದೆ: ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಪೆನ್ಶನ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಮುಂತಾದವು. ನೀರಿನ ಕಂಪನಿಯ ಸೋಶಿಯಲ್ ಟ್ಯಾರಿಫ್ ಆ ಪಟ್ಟಿಯಲ್ಲಿಲ್ಲ. ಅದು ಸರ್ಕಾರದ ಬೊಕ್ಕಸದ ಹಣವಲ್ಲ. ಬಹುಪಾಲು ಉಳಿದ ಗ್ರಾಹಕರ ಬಿಲ್ಲಿನಿಂದಲೇ ಬರುತ್ತದೆ. ನಾನು ಕಟ್ಟುವ ಪೂರ್ತಿ ಬಿಲ್ಲಿನಲ್ಲೂ ಅದರ ಪಾಲಿದೆ, ಆ ಪಾಲು ಇಂಥ ಮನೆಗೇ ಹೋಗಲಿ ಎಂದು ನನ್ನ ಆಸೆ. ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಮಾತ್ರ ಪಟ್ಟಿಯಲ್ಲಿದೆ, ಅದಕ್ಕೆ ಕೈ ಹಾಕಬೇಡಿ. ಎರಡನ್ನೂ ಒಂದೇ ಎಂದುಕೊಂಡಲ್ಲೇ ನಮ್ಮವರು ಸೋಲುತ್ತಿದ್ದಾರೆ.

ನೀರಿನ ಬಿಲ್ಲಿಗೇ ಇರುವ ವಾಟರ್‌ಶೂರ್ ಎಂಬ ಇನ್ನೊಂದು ಯೋಜನೆ ಬೇರೆ. ಅದಕ್ಕೆ ಮೀಟರ್ ಇರಬೇಕು, ಬೆನಿಫಿಟ್ ಪಡೆಯುತ್ತಿರಬೇಕು, ಮೇಲೆ ಮೂರು ಮಕ್ಕಳೋ ಹೆಚ್ಚು ನೀರು ಬೇಡುವ ಕಾಯಿಲೆಯೋ ಇರಬೇಕು. ಪಿಆರ್ ಆದವರು, ಪಾಸ್‌ಪೋರ್ಟ್ ಬದಲಾಯಿಸಿಕೊಂಡವರು ನೋಡಬಹುದು. ವೀಸಾದಲ್ಲಿರುವವರು ನೇರವಾಗಿ ಸೋಶಿಯಲ್ ಟ್ಯಾರಿಫ್ ಕಡೆಗೇ ಹೋಗಿ. ಕಂಪನಿಯಿಂದ ಕಂಪನಿಗೆ ಅದರ ಹೆಸರು, ಆದಾಯದ ಮಿತಿ, ರಿಯಾಯಿತಿ ಎಲ್ಲವೂ ಬೇರೆ. ಪಕ್ಕದ ಊರಿನ ಸ್ನೇಹಿತರಿಗೆ ಸಿಗಲಿಲ್ಲ ಎಂದರೆ ನಿಮಗೂ ಸಿಗುವುದಿಲ್ಲ ಎಂದಲ್ಲ.

ನಾವು ಮತ್ತೆ ಅದೇ ಅರ್ಜಿ ತೆರೆದೆವು. ಬೆನಿಫಿಟ್ ಪ್ರಶ್ನೆಗೆ 'ಇಲ್ಲ' ಎಂದು ಒತ್ತಿದೆವು. ಮುಂದಿನ ಪುಟ ತೆರೆಯಿತು: ಮನೆಯಲ್ಲಿ ಎಷ್ಟು ಜನ, ತೆರಿಗೆಗೆ ಮೊದಲಿನ ಸಂಬಳ ಎಷ್ಟು, ಪೇಸ್ಲಿಪ್ ಲಗತ್ತಿಸಿ. ಅಷ್ಟೇ. ಪಾಳಿ ಕೆಲಸದವರ ಪೇಸ್ಲಿಪ್ ತಿಂಗಳಿಂದ ತಿಂಗಳಿಗೆ ಹೆಚ್ಚುಕಡಿಮೆ ಆಗುತ್ತದಲ್ಲ, ಹಾಗಾಗಿ ಒಂದರ ಬದಲು ಮೂರು ತಿಂಗಳದ್ದು ಕಳಿಸಿದೆವು. ನಡುವೆ ಒಮ್ಮೆ ಸಹಾಯವಾಣಿಯವರೇ "ಬೆನಿಫಿಟ್ ಇದ್ದವರಿಗೆ ಮಾತ್ರ" ಎಂದು ತಪ್ಪು ಹೇಳಿದರು. ಅವರದೇ ನಿಯಮದ ಪುಟವನ್ನು ಓದಿ ಹೇಳಿದ ಮೇಲೆ ಬೇರೆ ವಿಭಾಗಕ್ಕೆ ಕರೆ ದಾಟಿಸಿದರು. ರಿಯಾಯಿತಿ ಮಂಜೂರಾಯಿತು, ಆದರೆ ಅರ್ಜಿ ತಲುಪಿದ ದಿನದಿಂದ ಮಾತ್ರ. ಕಾರ್ಡಿಗೆ ಹೋದ 640 ವಾಪಸ್ ಬರಲಿಲ್ಲ. ಈಗ ನೀರಿನಲ್ಲಿ ಉಳಿಯುವ 27 ಪೌಂಡನ್ನು ಕಾರ್ಡಿನ 25ಕ್ಕೆ ಸೇರಿಸಿ 52 ಕಟ್ಟಲು ಹೇಳಿದ್ದೇನೆ. ಪೂರ್ತಿ 640 ಬಾಕಿ ಇದ್ದರೂ ಈ ಲೆಕ್ಕದಲ್ಲಿ 15 ತಿಂಗಳಲ್ಲಿ ತೀರುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ನಮ್ಮ ಅಭ್ಯಾಸ. ಬಾಗಿಲಲ್ಲಿ ಬಿದ್ದ ಲಕೋಟೆ ತೆರೆಯದೆ ಫ್ರಿಜ್ ಮೇಲೆ ಪೇರಿಸುತ್ತೇವೆ. ಊರಿಗೆ ಹಣ ಕಳಿಸುವುದು ಒಂದು ದಿನ ತಡವಾಗುವುದಿಲ್ಲ, ಮೀಟರ್ ಮಾತ್ರ ವರ್ಷವಾದರೂ ಓದುವುದಿಲ್ಲ. ಕಂಪನಿ ಅಂದಾಜಿನಲ್ಲಿ ಬರೆದದ್ದನ್ನೇ ಕಟ್ಟುತ್ತೇವೆ. ಕಷ್ಟ ಎಂದು ಹೇಳಿಕೊಂಡರೆ ಸಂಘದಲ್ಲಿ ನಾಲ್ಕು ಜನ ಏನಂದಾರು ಎಂದು ಹಿಂಜರಿಯುತ್ತೇವೆ. 2025ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರಾಸರಿ ಬಿಲ್ಲು ಒಮ್ಮೆಗೇ 123 ಪೌಂಡ್ ಏರಿ 603 ಆಯಿತು. ಇಷ್ಟು ಏರಿದ ಮೇಲೂ ಹಿಂಜರಿದರೆ ಆ ಮರ್ಯಾದೆಗೆ ಬಡ್ಡಿ ಕಟ್ಟುವವರು ನಾವೇ. ವಿದ್ಯುತ್ತಿನ ಹಾಗೆ ಬೇರೆ ಕಂಪನಿಗೆ ಬದಲಾಯಿಸಿಕೊಳ್ಳುವ ಅವಕಾಶ ನೀರಿನಲ್ಲಿಲ್ಲ. ಇರುವ ದಾರಿ ಅರ್ಜಿಯೊಂದೇ.

ಸ್ಕಾಟ್ಲೆಂಡಿನಲ್ಲಿ ನೀರಿನ ಶುಲ್ಕ ಕೌನ್ಸಿಲ್ ಟ್ಯಾಕ್ಸ್ ಜೊತೆಗೇ ಬರುವುದರಿಂದ ಅಲ್ಲಿನವರಿಗೆ ಈ ಮಾತು ಅನ್ವಯಿಸುವುದಿಲ್ಲ. ಇಂಗ್ಲೆಂಡ್, ವೇಲ್ಸ್‌ನವರು ಈ ವಾರವೇ ಬಿಲ್ಲು ಹುಡುಕಿ, ಅದರ ಮೇಲಿನ ಖಾತೆ ಸಂಖ್ಯೆ ಬರೆದಿಟ್ಟುಕೊಂಡು, ಮೂರು ಪೇಸ್ಲಿಪ್ ಸಿದ್ಧಮಾಡಿ ಕಂಪನಿಗೆ ಫೋನ್ ಮಾಡಿ. ಅರ್ಹತೆ ಇದ್ದೂ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ; ಅಲ್ಲಿ ಬಗೆಹರಿಯದಿದ್ದರೆ ಕನ್ಸ್ಯೂಮರ್ ಕೌನ್ಸಿಲ್ ಫಾರ್ ವಾಟರ್ ಉಚಿತವಾಗಿ ನಿಮ್ಮ ಪರ ವಿಚಾರಿಸುತ್ತದೆ. ರಿಯಾಯಿತಿ ಸಿಕ್ಕ ಮೇಲೆ ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎಷ್ಟೋ ಕಂಪನಿಗಳು ಅವಧಿ ಮುಗಿದ ಮೇಲೆ ಮತ್ತೆ ಅರ್ಜಿ ಕೇಳುತ್ತವೆ.