ಮರದ ಮೇಲಿನ ಕಪ್ಪು ನೀರುಕಲೆ ತೆಗೆಯುವ ವಿಧಾನ

ಕುಂದಾಣದ ಸುತ್ತಿನ ಹಳೆಯ ಹೆಂಚಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಜಂತಿ, ಬಾಗಿಲುವಾಡ, ಕಿಟಕಿ ಚೌಕಟ್ಟುಗಳ ಮೇಲೆ ಕಪ್ಪು ಕಲೆಗಳು ಕಾಣಿಸುವುದುಂಟು. ತಳ ತುಕ್ಕು ಹಿಡಿದ ತಗಡಿನ ಡಬ್ಬವನ್ನು ಒದ್ದೆಯಾಗಿ ಇಟ್ಟ ಹಲಗೆಯ ಮೇಲೂ ಇಂಥದೇ ಉಂಗುರ ಬೀಳುತ್ತದೆ. ಮರ ಕೊಳೆಯಿತೆಂದು ಗಟ್ಟಿ ಚೌಕಟ್ಟನ್ನೇ ಕೀಳಿಸುವವರಿದ್ದಾರೆ. ನಿಜವಾಗಿ ಕೊಳೆತದ್ದಕ್ಕೆ ಬಣ್ಣ ಬಳಿದು ಮುಚ್ಚುವವರೂ ಇದ್ದಾರೆ. ಮೊದಲನೆಯದರಿಂದ ಹಣ ನಷ್ಟ, ಎರಡನೆಯದರಿಂದ ತಲೆಗೇ ಅಪಾಯ.

ಆದ್ದರಿಂದ ಮೊದಲು ದಬ್ಬಳದಿಂದ ಕಲೆಯ ಜಾಗವನ್ನು ಚುಚ್ಚಿ ನೋಡಬೇಕು. ದಬ್ಬಳ ಸಲೀಸಾಗಿ ಇಳಿದು ಮರ ಹಿಟ್ಟಿನಂತೆ ಉದುರಿದರೆ ಯಾವ ಮದ್ದೂ ಸಲ್ಲದು, ಬಡಗಿಯನ್ನು ಕರೆಸಿ. ಗಟ್ಟಿಯಾಗಿದ್ದರೆ, ಒಂದು ಮೂಲೆಯಲ್ಲಿ ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಒಂದು ತೊಟ್ಟು ಹಾಕಿ. ಎರಡು ನಿಮಿಷದಲ್ಲಿ ಕಪ್ಪು ತಿಳಿಯಾದರೆ ಅದು ಬರೀ ಬೂಷ್ಟು. ತೊಳೆದು ಗಾಳಿಯಾಡಲು ಬಿಟ್ಟರೆ ಸಾಕು. ಕಪ್ಪು ಹಾಗೆಯೇ ಉಳಿದರೆ ಬಹುಪಾಲು ಕಬ್ಬಿಣದ ಕಲೆ.

ಜಾಲಿ, ಮತ್ತಿ, ತೇಗದಂಥ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಜಾಲಿ ತೊಗಟೆಯಿಂದ ತೊಗಲು ಹದ ಮಾಡುವುದೂ ಇದರಿಂದಲೇ. ಮೊಳೆ, ಚಿಲಕ, ಡಬ್ಬದ ತುಕ್ಕು ನೀರಿನೊಡನೆ ಮರಕ್ಕಿಳಿದು ಈ ಒಗರನ್ನು ಸೇರಿದಾಗ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಕಾಸುತ್ತಿದ್ದುದನ್ನು ಹಿರಿಯರು ಬಲ್ಲರು. ನಿಮ್ಮ ಬಾಗಿಲ ಮೇಲಿರುವುದೂ ಅದೇ ಶಾಯಿ. ಅದು ಮರದೊಳಕ್ಕೆ ಇಳಿದಿರುವುದರಿಂದ ಸೋಪು ಹಾಕಿ ಉಜ್ಜಿದರೆ ಹೋಗದು. ನಾನೂ ಒಮ್ಮೆ ಉಪ್ಪು ಕಾಗದದಿಂದ ತಿಕ್ಕಿ ತಿಕ್ಕಿ ಹಲಗೆಯಲ್ಲಿ ಗುಳಿ ಮಾಡಿದ್ದೇನೆ, ಕಲೆ ಮಾತ್ರ ಅಲ್ಲೇ ಇತ್ತು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನಂತೂ ಮುಟ್ಟಿಸಲೇಬಾರದು. ಅದರ ಚೂರುಗಳೇ ಹೊಸ ಕಲೆಗೆ ಬೀಜ.

ಚಪಾತಿ ಮಣೆ, ಈಳಿಗೆ ಮಣೆಗಳಿಗೆ ನಿಂಬೆರಸ ಸವರಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಎರಡು ಮೂರು ಸಲ ಬೇಕಾದೀತು. (ದೇವನಹಳ್ಳಿ ಚಕ್ಕೋತ ಸಿಹಿಗೆ ಹೆಸರಾದದ್ದು, ಅದನ್ನು ತಿನ್ನಲು ಇಟ್ಟುಕೊಳ್ಳಿ.)

ಬಾಗಿಲು, ಚೌಕಟ್ಟುಗಳಿಗೆ ಆಕ್ಸಾಲಿಕ್ ಆಮ್ಲ ಬೇಕು. ಇದು ಕಬ್ಬಿಣವನ್ನು ಒಗರಿನಿಂದ ಬಿಡಿಸಿ ನೀರಿನಲ್ಲಿ ಕರಗಿಸುತ್ತದೆ. ಹಳೆಯ ವಾರ್ನಿಷ್ ಅಥವಾ ಬಣ್ಣವನ್ನು ಮೊದಲೇ ತೆಗೆದಿರಬೇಕು, ಇಲ್ಲವಾದರೆ ದ್ರಾವಣ ಮರಕ್ಕೆ ಇಳಿಯುವುದಿಲ್ಲ. ಪ್ಲಾಸ್ಟಿಕ್ ಪಾತ್ರೆಯಲ್ಲಿ 1 ಲೀಟರ್ ಬಿಸಿನೀರಿಗೆ ಸುಮಾರು 75 ಗ್ರಾಂ ಪುಡಿ ಕರಗಿಸಿ, ಕಲೆಗಷ್ಟೇ ಅಲ್ಲದೆ ಇಡೀ ಹಲಗೆಗೆ ಬಟ್ಟೆಯಿಂದ ಹಚ್ಚಿ. ಇಲ್ಲವಾದರೆ ಆ ಜಾಗ ಮಾತ್ರ ಬೆಳ್ಳಗಾಗಿ ಎದ್ದು ಕಾಣುತ್ತದೆ. ಇಪ್ಪತ್ತು ನಿಮಿಷದ ಮೇಲೆ ಧಾರಾಳ ನೀರಿನಿಂದ ಒರೆಸಿ, ಬಳಿಕ ಲೀಟರಿಗೆ ಎರಡು ಚಮಚ ಅಡುಗೆ ಸೋಡ ಕದಡಿದ ನೀರು, ಕೊನೆಗೆ ಮತ್ತೆ ಶುದ್ಧ ನೀರು. ನೆರಳಿನಲ್ಲಿ ಒಣಗಲಿ.

ಇದು ವಿಷ. ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು. ಪುಡಿ ನೋಡಲು ಸಕ್ಕರೆಯಂತಿರುವುದರಿಂದ ಹೆಸರು ಬರೆದು ಮಕ್ಕಳ ಕೈಗೆಟುಕದಂತೆ ಇಡಿ. ತೊಳೆದ ನೀರು ದನ ಕುಡಿಯುವ ತೊಟ್ಟಿಯ ಕಡೆ ಹರಿಯಬಾರದು. ಇದಕ್ಕೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. ಪರೀಕ್ಷೆಯ ತೊಟ್ಟನ್ನು ಚೆನ್ನಾಗಿ ತೊಳೆದ ಮೇಲೆಯೇ ಆಮ್ಲ ಹಚ್ಚಬೇಕು. ಆಮ್ಲ ಹಚ್ಚಿದ ಮರವನ್ನು ತೊಳೆಯದೆ ಉಪ್ಪು ಕಾಗದ ಹಾಕಿದರೆ ದೂಳು ಮೂಗಿಗೆ ಹೋಗುತ್ತದೆ.

ಸೋರುವ ಹೆಂಚು ಬದಲಿಸದೆ, ತುಕ್ಕು ಮೊಳೆ ಕಿತ್ತು ಹಿತ್ತಾಳೆಯದು ಹಾಕದೆ ಇಷ್ಟೆಲ್ಲ ಮಾಡಿದರೆ ಬರುವ ಮಳೆಗೆ ಕಲೆ ಮರಳುತ್ತದೆ. ಮರ ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿದರೆ ನೀರು ಬೇಗ ಇಳಿಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹುಲ್ಲಿನ ಹತ್ತಿರ ಎಸೆಯಬೇಡಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಿ.