ಜರ್ಮನಿಯಲ್ಲಿ ಓದು: ಖಾತೆ ಯಾವುದು, ಹಣ ಕಳಿಸುವುದು ಹೇಗೆ

ಜರ್ಮನಿಯ ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕುವ ಭಾರತೀಯರು ಅಲ್ಲಿ ಒಂದು ವರ್ಷದ ಖರ್ಚಿಗೆ ಸಾಕಾಗುವ ಹಣ ತಮ್ಮಲ್ಲಿದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ. ಸ್ಕಾಲರ್‌ಶಿಪ್ ಪತ್ರವೋ ಜರ್ಮನಿಯಲ್ಲಿರುವವರು ಬರೆದುಕೊಟ್ಟ ಹೊಣೆಪತ್ರವೋ ಇದ್ದರೆ ಅದೂ ನಡೆಯುತ್ತದೆ. ಅವೆರಡೂ ಇಲ್ಲದವರು ಹಣವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡುತ್ತಾರೆ. ಈ ಖಾತೆಗೆ ಹಣ ಹಾಕಬಹುದು, ಬೇಕೆಂದಾಗ ತೆಗೆಯಲು ಬರುವುದಿಲ್ಲ. ವಿದ್ಯಾರ್ಥಿ ಜರ್ಮನಿ ಮುಟ್ಟಿದ ಮೇಲೆ ತಿಂಗಳಿಗೆ 992 ಯೂರೊದಂತೆ ಬಿಡುಗಡೆಯಾಗುತ್ತದೆ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಸುಮಾರು 49 ಸಾವಿರ ಭಾರತೀಯರು ಅಲ್ಲಿ ಓದುತ್ತಿದ್ದರು. ಅವರಲ್ಲಿ ಅನೇಕರ ಮನೆಯ ದುಡ್ಡು ಹೋದದ್ದು ಇದೇ ದಾರಿಯಲ್ಲಿ.

ಎಕ್ಸ್‌ಪ್ಯಾಟ್ರಿಯೊ, ಫಿಂಟಿಬಾ, ಕೋರಾಕಲ್ ಮುಂತಾದ ಕಂಪನಿಗಳು ಈ ಖಾತೆಯನ್ನು ಆನ್‌ಲೈನ್‌ನಲ್ಲೇ ತೆರೆದುಕೊಡುತ್ತವೆ. ಹಣ ನಿಜವಾಗಿ ಇರುವುದು ಅವುಗಳ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಕಿನಲ್ಲಿ. ಐರೋಪ್ಯ ಒಕ್ಕೂಟದ ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ 1 ಲಕ್ಷ ಯೂರೊವರೆಗೆ ವಿಮೆಯ ರಕ್ಷಣೆ ಇರುವುದರಿಂದ ಹಣ ಯಾವ ಬ್ಯಾಂಕಿನಲ್ಲಿ, ಯಾರ ಹೆಸರಿನಲ್ಲಿ ಇರುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಆರಂಭದ ಶುಲ್ಕ, ತಿಂಗಳ ಶುಲ್ಕ ಎಂದು ಕಂಪನಿಗಳ ನಡುವೆ ಇರುವ ವ್ಯತ್ಯಾಸದ ಮೇಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಅಷ್ಟು ತಲೆಕೆಡಿಸಿಕೊಳ್ಳುವ ಮೊತ್ತ ಅದಲ್ಲ. ಹಣ ಸೇರಿದ ಮೇಲೆ ದೃಢೀಕರಣ ಪತ್ರ ಎಷ್ಟು ದಿನದಲ್ಲಿ ಬರುತ್ತದೆ, ವೀಸಾ ಸಿಗದಿದ್ದರೆ ಹಣ ಯಾವ ಕಾಗದದ ಮೇಲೆ ವಾಪಸು ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಕಂಪನಿ ಸಾಕು. ವೀಸಾ ನಿರಾಕರಣೆಯಾದರೆ ರೂಪಾಯಿಯಿಂದ ಯೂರೊಗೆ, ಯೂರೊದಿಂದ ರೂಪಾಯಿಗೆ ಎಂದು ಎರಡು ಸಲ ವಿನಿಮಯದ ನಷ್ಟ ಹೇಗೂ ಇದ್ದೇ ಇರುತ್ತದೆ.

ದೊಡ್ಡ ಖರ್ಚು ಕಣ್ಣಿಗೆ ಬೀಳದ ಕಡೆ ಇರುತ್ತದೆ. ಬ್ಯಾಂಕು ಯೂರೊ ಮಾರುವ ದರಕ್ಕೆ ಟಿಟಿ ಸೆಲ್ಲಿಂಗ್ ರೇಟ್ ಎನ್ನುತ್ತಾರೆ. ಮಾರುಕಟ್ಟೆಯ ದರಕ್ಕಿಂತ ಅದು ಎಷ್ಟು ಮೇಲಿದೆಯೋ ಅದೇ ಬ್ಯಾಂಕಿನ ನಿಜವಾದ ಸಂಪಾದನೆ. ಲೆಕ್ಕಕ್ಕೆ ಸುಲಭವಾಗಲೆಂದು ಮಾರುಕಟ್ಟೆಯಲ್ಲಿ ಯೂರೊಗೆ 100 ರೂಪಾಯಿ ಎಂದಿಟ್ಟುಕೊಂಡರೆ 11,904 ಯೂರೊಗೆ 11,90,400 ರೂಪಾಯಿ. ‘ಚಾರ್ಜು ಇಲ್ಲ’ ಎನ್ನುವ ಬ್ಯಾಂಕು 102 ರೂಪಾಯಿ ದರ ಹಾಕಿದರೆ ಹೆಚ್ಚುವರಿಯಾಗಿ ಹೋಗುವುದು 23,808 ರೂಪಾಯಿ. 1,500 ರೂಪಾಯಿ ಶುಲ್ಕ ಕೇಳಿ ದರವನ್ನು 100 ರೂಪಾಯಿ 50 ಪೈಸೆಗೆ ಇಳಿಸುವ ಬ್ಯಾಂಕಿನಲ್ಲಿ ಹೋಗುವುದು 7,452 ರೂಪಾಯಿ. ಅಂತರ 16 ಸಾವಿರಕ್ಕೂ ಹೆಚ್ಚು. ಆದ್ದರಿಂದ ‘ಚಾರ್ಜು ಎಷ್ಟು’ ಎಂದು ವಿಚಾರಿಸುವುದಕ್ಕಿಂತ, ‘ಅಲ್ಲಿ ಇಷ್ಟು ಯೂರೊ ಪೂರ್ತಿ ಬೀಳಬೇಕಾದರೆ ಇಲ್ಲಿ ನಮ್ಮ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಕಡಿತವಾಗುತ್ತದೆ’ ಎಂದು ಒಂದೇ ದಿನ, ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆ ಕೇಳಬೇಕು. ದೊಡ್ಡ ಮೊತ್ತಕ್ಕೆ ಮ್ಯಾನೇಜರ್ ಹತ್ತಿರ ಮಾತಾಡಿದರೆ ದರ ಇಳಿಯುವುದುಂಟು. ಬೋರ್ಡಿನ ಮೇಲಿನ ದರವನ್ನೇ ಕೊಟ್ಟುಬರುವವರು ಸಂಕೋಚಕ್ಕೆ ದುಡ್ಡು ತೆತ್ತಂತೆ. ವಿನಿಮಯದ ಮೇಲಿನ ಜಿಎಸ್‌ಟಿ ಮಾತ್ರ ಎಲ್ಲ ಕಡೆಯೂ ಒಂದೇ ಸೂತ್ರದ್ದು. ಈ ಮೊತ್ತಕ್ಕೆ ಸುಮಾರು 1,024 ರೂಪಾಯಿ ಆಗುತ್ತದೆ.

ಕಳಿಸುವ ಹಣ ಸ್ವಿಫ್ಟ್ ಜಾಲದ ಮೂಲಕ ಹೋಗುತ್ತದೆ. ಭಾರತದ ಬ್ಯಾಂಕಿಗೂ ಜರ್ಮನಿಯ ಬ್ಯಾಂಕಿಗೂ ನೇರ ಸಂಬಂಧ ಇಲ್ಲದಿದ್ದರೆ ನಡುವೆ ಇನ್ನೊಂದು ಬ್ಯಾಂಕು ಬರುತ್ತದೆ, ಅದು ತನ್ನ ಕೂಲಿಯನ್ನು ಕಳಿಸಿದ ಮೊತ್ತದಲ್ಲೇ ಮುರಿದುಕೊಳ್ಳಬಹುದು. ವಿದೇಶಕ್ಕೆ ಹಣ ಕಳಿಸುವ ಅರ್ಜಿಯಲ್ಲಿ ಚಾರ್ಜು ಯಾರು ಭರಿಸುತ್ತಾರೆ ಎಂಬ ಸಣ್ಣ ಚೌಕ ಇರುತ್ತದೆ: ಪೂರ್ತಿ ಕಳಿಸುವವರದ್ದು, ಹಂಚಿಕೊಳ್ಳುವುದು, ಪೂರ್ತಿ ಪಡೆಯುವವರದ್ದು ಎಂದು ಮೂರು ಆಯ್ಕೆ. ಬ್ಲಾಕ್ಡ್ ಅಕೌಂಟ್‌ಗೆ ಮೊದಲನೆಯದನ್ನೇ ಗುರುತು ಮಾಡಬೇಕು. ಪರಿಚಯದ ಹುಡುಗಿಯೊಬ್ಬಳ ವಿಷಯದಲ್ಲಿ ಜಿಲ್ಲಾ ಕೇಂದ್ರವೊಂದರ ಬ್ರಾಂಚಿನವರು ರೂಢಿಯಂತೆ ಎರಡನೆಯದಕ್ಕೆ ಗುರುತು ಹಾಕಿದ್ದರು. ಕಳಿಸಿದ್ದು 11,904, ಬಿದ್ದದ್ದು 11,880. ಆ 24 ಯೂರೊಗೆ ದೃಢೀಕರಣ ಪತ್ರ ನಿಂತುಹೋಯಿತು. ಕೊರತೆ ತುಂಬಲು ಮತ್ತೊಮ್ಮೆ ಸ್ವಿಫ್ಟ್ ಮಾಡಿದರೆ ಅದರ ಖರ್ಚೇ ಕೊರತೆಗಿಂತ ಹೆಚ್ಚು. ಅದನ್ನೂ ಮಾಡಬೇಕಾಯಿತು, ವೀಸಾ ಅಪಾಯಿಂಟ್‌ಮೆಂಟ್ ಎದುರಿಗಿತ್ತು. ಮೊದಲೇ ಐವತ್ತರಿಂದ ನೂರು ಯೂರೊ ಹೆಚ್ಚು ಕಳಿಸಿದರೆ ಈ ಪೀಕಲಾಟವಿಲ್ಲ. ಹೆಚ್ಚಾದದ್ದು ಸಾಮಾನ್ಯವಾಗಿ ಮೊದಲ ಕಂತಿನ ಜೊತೆ ವಿದ್ಯಾರ್ಥಿಯ ಕೈಗೇ ಬರುತ್ತದೆ. ಈ ಮೊದಲ ವರ್ಗಾವಣೆಯಲ್ಲಿ ದರ ಹತ್ತು ಪೈಸೆ ಹೆಚ್ಚಾದರೂ ಪರವಾಗಿಲ್ಲ, ಹಣ ಪೂರ್ತಿಯಾಗಿ ಹೊತ್ತಿಗೆ ಸರಿಯಾಗಿ ಸೇರಬೇಕು. ಸಣ್ಣ ಊರುಗಳ ಬ್ರಾಂಚುಗಳು ಕಾಗದಗಳನ್ನು ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಬ್ರಾಂಚಿಗೆ ಕಳಿಸುವುದರಿಂದ ನಾಲ್ಕಾರು ದಿನ ಅಲ್ಲೇ ಹೋಗುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿದೆ. ಎಲ್‌ಆರ್‌ಎಸ್ ಎಂಬ ಈ ಯೋಜನೆ 2004ರಲ್ಲಿ ಶುರುವಾದಾಗ ಮಿತಿ 25,000 ಡಾಲರ್ ಇತ್ತು. ಬ್ಯಾಂಕಿನಲ್ಲಿ ಪ್ಯಾನ್, ಪಾಸ್‌ಪೋರ್ಟ್, ಪ್ರವೇಶ ಪತ್ರ, ಖಾತೆಯ ವಿವರ ಕೊಟ್ಟು ಎ2 ಫಾರ್ಮ್ ತುಂಬಬೇಕು. ಅದರಲ್ಲಿ ಬರೆಯುವ ಉದ್ದೇಶದ ಮೇಲೆ ತೆರಿಗೆ ನಿಂತಿದೆ. 2025–26ರ ಸಾಲಿನಲ್ಲಿ ಮೊದಲ 10 ಲಕ್ಷ ರೂಪಾಯಿಗೆ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ, ಇರಲಿಲ್ಲ. ಅದರ ಮೇಲಿನ ಮೊತ್ತಕ್ಕೆ ವಿದೇಶ ವ್ಯಾಸಂಗವಾದರೆ ಶೇ. 5, ಸಂಬಂಧಿಕರ ಪಾಲನೆ ಎಂದು ಬರೆದರೆ ಶೇ. 20. ಮೇಲಿನ ಲೆಕ್ಕದಲ್ಲಿ ಒಂದು ಕಡೆ 9,520 ರೂಪಾಯಿ, ಇನ್ನೊಂದು ಕಡೆ 38,080 ರೂಪಾಯಿ. ವ್ಯಾಸಂಗ ಎಂದರೆ ಫೀಸು ಮಾತ್ರವಲ್ಲ, ಓದುವ ಕಾಲದ ದಿನನಿತ್ಯದ ಖರ್ಚೂ ಅದರಲ್ಲೇ ಸೇರುತ್ತದೆ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲ. ಈ ದರಗಳನ್ನು ಬಜೆಟ್‌ಗಳು ಪದೇಪದೇ ಬದಲಿಸುವುದರಿಂದ ಕಳಿಸುವ ದಿನದ ದರ ಕೇಳಿಯೇ ಮುಂದುವರಿಯಬೇಕು.

ಟಿಸಿಎಸ್ ಕಳೆದುಹೋದ ಹಣವಲ್ಲ. ಕಳಿಸಿದವರ ಪ್ಯಾನ್‌ಗೆ ಜಮೆಯಾಗಿ ಅವರ ಆದಾಯ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ರಿಟರ್ನ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ. ಸಂಬಳದಾರರು 12ಬಿಎಎ ಫಾರ್ಮ್ ಕೊಟ್ಟು ಸಂಬಳದ ಟಿಡಿಎಸ್‌ನಲ್ಲೇ ಇದನ್ನು ಕಳೆಯಿಸಿಕೊಳ್ಳುವ ಅವಕಾಶ 2024ರಲ್ಲಿ ಬಂತು. ತೊಂದರೆ ಅಡಿಕೆ, ಕಾಫಿ ಬೆಳೆದು ಮಕ್ಕಳನ್ನು ಓದಿಸುವ ಮನೆಗಳಲ್ಲಿ. ಕೃಷಿ ಆದಾಯವೇ ಹೆಚ್ಚಿರುವ ಎಷ್ಟೋ ಅಪ್ಪಂದಿರು ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಸಲ್ಲಿಸದ ಹೊರತು ಆ ಹಣ ಸರಕಾರದಲ್ಲೇ ಉಳಿಯುತ್ತದೆ.

ಹೆಸರಿನ ತಕರಾರು ಕರ್ನಾಟಕದವರಿಗೆ ಇನ್ನೊಂದು ಗಂಟು. ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರು ಮತ್ತು ಅಪ್ಪನ ಹೆಸರು. ಜರ್ಮನಿಯ ಬ್ಯಾಂಕು ಪಾಸ್‌ಪೋರ್ಟಿನ ಹೆಸರನ್ನೇ ಹಿಡಿಯುತ್ತದೆ. ಭಾರತದಿಂದ ಕಳಿಸುವಾಗಲೂ ಪಡೆಯುವವರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಬೇಕು, ಕಂಪನಿ ಕೊಟ್ಟ ರೆಫರೆನ್ಸ್ ಸಂಖ್ಯೆಯನ್ನು ಬಿಡಬಾರದು. ಯೂರೊ ವಲಯದೊಳಗೆ ಹಣ ಕಳಿಸುವಾಗ ಹೆಸರೂ ಖಾತೆ ಸಂಖ್ಯೆಯೂ ತಾಳೆಯಾಗುತ್ತವೆಯೇ ಎಂದು ಬ್ಯಾಂಕುಗಳು ಪರೀಕ್ಷಿಸಿ ತಿಳಿಸುವುದು 2025ರ ಅಕ್ಟೋಬರ್ 9ರಿಂದ ಕಡ್ಡಾಯವಾಗಿದೆ. ಪಾಸ್‌ಪೋರ್ಟ್ ಮಾಡಿಸುವಾಗ ಹೆಸರು ಹೇಗೆ ಬರೆಯಿಸಿದ್ದರೋ ಅದೇ ಅಲ್ಲಿನ ಬಾಡಿಗೆ ಕರಾರಿನವರೆಗೂ ಬೆನ್ನು ಬಿಡುವುದಿಲ್ಲ.

ಬ್ಲಾಕ್ಡ್ ಅಕೌಂಟ್‌ನ ಕಂತು ಬಂದು ಬೀಳಲು ವಿದ್ಯಾರ್ಥಿಗೆ ಜರ್ಮನಿಯಲ್ಲಿ ದಿನಬಳಕೆಯ ಖಾತೆ ಬೇಕು. ಅದನ್ನು ಗಿರೋಕಾಂಟೊ ಎನ್ನುತ್ತಾರೆ. ಖಾತೆ ತೆರೆಯಲು ವಿಳಾಸ ಬೇಕು, ವಿಳಾಸ ನೋಂದಣಿಗೆ ಮನೆ ಮಾಲೀಕರ ಪತ್ರ ಬೇಕು, ಮನೆ ಸಿಗಲು ಅಡ್ವಾನ್ಸ್ ಬೇಕು, ಅಡ್ವಾನ್ಸ್ ಕೊಡಲು ಖಾತೆಯ ಹಣ ಬೇಕು. ಬಾಡಿಗೆದಾರರಿಂದ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದೆಂದು ಅಲ್ಲಿನ ಕಾನೂನಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಕಡಿಮೆ ಎನಿಸಬಹುದು. ಆದರೆ ತಿಂಗಳಿಗೆ 992 ಯೂರೊ ಮಾತ್ರ ಬಿಡುವ ಖಾತೆಯಿಂದ ಅಡ್ವಾನ್ಸ್, ಮೊದಲ ಬಾಡಿಗೆ, ವಿಶ್ವವಿದ್ಯಾಲಯದ ಸೆಮಿಸ್ಟರ್ ಶುಲ್ಕ ಎಲ್ಲವೂ ಏಳುವುದಿಲ್ಲ. ಹೀಗಾಗಿ ಮೊದಲ ಆರೆಂಟು ವಾರಕ್ಕೆಂದು ಎರಡು ಸಾವಿರ ಯೂರೊ ಆಸುಪಾಸು ಬೇರೆಯೇ ಇಟ್ಟುಕೊಳ್ಳಬೇಕು: ಸ್ವಲ್ಪ ನಗದು, ಉಳಿದದ್ದು ಫಾರೆಕ್ಸ್ ಕಾರ್ಡ್. ಬ್ಲಾಕ್ಡ್ ಅಕೌಂಟ್ ತುಂಬುವಷ್ಟಕ್ಕೇ ಸಾಲ ಮಾಡಿ ಹೊರಡುವ ಮನೆಗಳು ಎಡವುವುದು ಇಲ್ಲಿಯೇ. ಕಾರ್ಡ್ ಉಜ್ಜಿದಾಗ ಯಂತ್ರ ರೂಪಾಯಿಯಲ್ಲೋ ಯೂರೊದಲ್ಲೋ ಎಂದು ಕೇಳಿದರೆ ಯೂರೊ ಎನ್ನಬೇಕು, ಇಲ್ಲದಿದ್ದರೆ ಯಂತ್ರದ ಹಿಂದಿರುವವರು ತಮ್ಮ ದರ ಹಾಕುತ್ತಾರೆ.

ಗಿರೋಕಾಂಟೊ ಆರಿಸುವಾಗ ಎರಡು ಬಗೆ ಕಣ್ಣಿಗೆ ಬೀಳುತ್ತವೆ. ಷ್ಪಾರ್‌ಕಾಸೆಯಂಥ ಊರಿನ ಬ್ಯಾಂಕುಗಳಿಗೆ ಬ್ರಾಂಚು, ಎಟಿಎಂ, ಎದುರು ಕೂತು ಮಾತಾಡುವ ಸಿಬ್ಬಂದಿ ಇದ್ದಾರೆ. ವಿದ್ಯಾರ್ಥಿಗಳಿಗೆ ಒಂದು ವಯಸ್ಸಿನವರೆಗೆ ತಿಂಗಳ ಶುಲ್ಕ ಬಿಡುವುದು ಸಾಮಾನ್ಯ. ಎನ್26, ಡಿಕೆಬಿ, ಐಎನ್‌ಜಿಯಂಥ ಆನ್‌ಲೈನ್ ಬ್ಯಾಂಕುಗಳಲ್ಲಿ ಕೆಲಸ ಫೋನಿನಲ್ಲೇ ಮುಗಿಯುತ್ತದೆ, ಆದರೆ ಎಲ್ಲ ಬ್ಯಾಂಕುಗಳ ವಿಡಿಯೊ ಪರಿಶೀಲನೆಯೂ ಎಲ್ಲ ದೇಶದ ಪಾಸ್‌ಪೋರ್ಟನ್ನು ಒಪ್ಪುವುದಿಲ್ಲ. ಆಗ ಅಂಚೆ ಕಚೇರಿಗೆ ಹೋಗಿ ಗುರುತು ತೋರಿಸಬೇಕು. ಜರ್ಮನ್ ಬಾರದ ವಿದ್ಯಾರ್ಥಿಗೆ ಇಂಗ್ಲಿಷ್ ಆ್ಯಪ್ ಇರುವ ಬ್ಯಾಂಕು ಮೊದಲ ವರ್ಷಕ್ಕೆ ಹಿತ. ಖಾತೆ ಸಂಖ್ಯೆ ‘ಡಿಇ’ ಎಂದು ಶುರುವಾಗುವ ಜರ್ಮನಿಯ ಐಬ್ಯಾನ್ ಆಗಿರಲಿ. ಐರೋಪ್ಯ ನಿಯಮದಂತೆ ಬೇರೆ ದೇಶದ ಐಬ್ಯಾನನ್ನು ತಿರಸ್ಕರಿಸುವಂತಿಲ್ಲ, ಆದರೂ ಮನೆ ಮಾಲೀಕರು, ಜಿಮ್‌ನವರು ಮುಖ ಸಿಂಡರಿಸುವುದು ತಪ್ಪಿಲ್ಲ. ಯಾವ ಬ್ಯಾಂಕೂ ಬಾಗಿಲು ತೆರೆಯದಿದ್ದರೆ ಮೂಲ ಖಾತೆ ಕೇಳುವ ಹಕ್ಕು 2016ರಿಂದ ಕಾನೂನಿನಲ್ಲಿದೆ. ಅರ್ಜಿ ಸರಿಯಿದ್ದರೆ ಹತ್ತು ಕೆಲಸದ ದಿನಗಳೊಳಗೆ ಖಾತೆ ಕೊಡಬೇಕು.

ಆಮೇಲಿನ ತಿಂಗಳುಗಳು ಬಹುತೇಕ ತಾವಾಗಿ ನಡೆಯುತ್ತವೆ. ಬಾಡಿಗೆ ಸಾಮಾನ್ಯವಾಗಿ ತಿಂಗಳ ಮೂರನೇ ಕೆಲಸದ ದಿನದೊಳಗೆ ಸೇರಬೇಕು. ಆರೋಗ್ಯ ವಿಮೆ, ಫೋನು ಖಾತೆಯಿಂದ ನೇರವಾಗಿ ಕಡಿತವಾಗುತ್ತವೆ. ಖಾತೆಯಲ್ಲಿ ಹಣ ಇಲ್ಲದೆ ಕಡಿತ ವಾಪಸಾದರೆ ದಂಡ. ಒಪ್ಪಿಗೆ ಕೊಟ್ಟ ಕಡಿತವೂ ತಪ್ಪಾಗಿದ್ದರೆ ಎಂಟು ವಾರದೊಳಗೆ ಬ್ಯಾಂಕಿಗೆ ಹೇಳಿ ಹಿಂದಕ್ಕೆ ತರಿಸಬಹುದು. ರೇಡಿಯೊ–ಟಿವಿ ಶುಲ್ಕ ತಿಂಗಳಿಗೆ 18.36 ಯೂರೊ ಮನೆಯೊಂದಕ್ಕೆ, ತಲೆಗಲ್ಲ. ನಾಲ್ವರು ಹಂಚಿಕೊಂಡ ಮನೆಯಲ್ಲಿ ನಾಲ್ವರೂ ಕಟ್ಟಬೇಕಾಗಿಲ್ಲ.

ಮಧ್ಯೆ ಮನೆಯಿಂದ ಸಣ್ಣ ಮೊತ್ತ ತರಿಸಬೇಕಾದಾಗ ಒಂದು ಅಡ್ಡದಾರಿ ಎಲ್ಲರ ಕಿವಿಗೂ ಬೀಳುತ್ತದೆ. ಜರ್ಮನಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಯೂರೊ ಕೊಡುವುದು, ಊರಲ್ಲಿ ಯೂರೊ ಪಡೆದವನ ಅಪ್ಪ ಕೊಟ್ಟವನ ಅಪ್ಪನಿಗೆ ಯುಪಿಐ ಮಾಡುವುದು. ದರ ಚೆನ್ನಾಗಿಯೇ ಇರುತ್ತದೆ. ಆದರೆ ಇದು ವಿದೇಶಿ ವಿನಿಮಯ ಕಾನೂನಿಗೆ ಹೊರಗಿನ ವ್ಯವಹಾರ, ಗೆಳೆಯರ ನಡುವೆ ನಡೆದರೂ. ಇನ್ನೂ ಕೆಟ್ಟದ್ದು, ‘ನಿನ್ನ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಮುಂದೆ ಕಳಿಸು’ ಎಂಬ ಆಮಿಷ. ಅದು ಸಾಮಾನ್ಯವಾಗಿ ವಂಚನೆಯ ಹಣ. ಖಾತೆ ಮುಟ್ಟುಗೋಲಾಗುವುದು, ಪೊಲೀಸರು ಬರುವುದು ವಿದ್ಯಾರ್ಥಿಯ ಬಾಗಿಲಿಗೆ. ನೂರಿನ್ನೂರು ಯೂರೊ ತರಿಸಲು ರಿಸರ್ವ್ ಬ್ಯಾಂಕಿನ ಅಧಿಕೃತ ಡೀಲರುಗಳ ಮೂಲಕ ನಡೆಯುವ ಆನ್‌ಲೈನ್ ಸೇವೆಗಳಿವೆ. ಸಣ್ಣ ಮೊತ್ತಕ್ಕೆ ಅವು ಬ್ರಾಂಚಿನ ಸ್ವಿಫ್ಟ್‌ಗಿಂತ ಸಾಮಾನ್ಯವಾಗಿ ಅಗ್ಗ.

ಊರಿನ ಉಳಿತಾಯ ಖಾತೆಯನ್ನು ಹಾಗೆಯೇ ಬಿಟ್ಟು ಹೋಗುವವರೇ ಹೆಚ್ಚು. ಓದಲು ಹೊರದೇಶಕ್ಕೆ ಹೋದ ವಿದ್ಯಾರ್ಥಿಯನ್ನು ವಿದೇಶಿ ವಿನಿಮಯ ಕಾನೂನಿನ ಲೆಕ್ಕದಲ್ಲಿ ಅನಿವಾಸಿ ಎಂದು ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಸ್ಪಷ್ಟಪಡಿಸಿದೆ. ಆ ಪ್ರಕಾರ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ನಿವಾಸಿಯಾಗಿದ್ದಾಗ ಪಡೆದ ಶಿಕ್ಷಣ ಸಾಲಕ್ಕೆ ಇದರಿಂದ ಅಡ್ಡಿಯಿಲ್ಲ. ಖಾತೆಗೆ ಜೋಡಿಸಿದ ಭಾರತದ ಸಿಮ್ ಸತ್ತರೆ ಒಟಿಪಿ ಬರುವುದಿಲ್ಲ, ಒಟಿಪಿ ಬಾರದಿದ್ದರೆ ಹಣವಿದ್ದೂ ಇಲ್ಲದಂತೆ. ಹೊರಡುವ ಮುನ್ನ ರೋಮಿಂಗ್ ಇರುವ ರೀಚಾರ್ಜ್ ಹಾಕಿಸಿ, ಅವಧಿ ಮುಗಿಯುವ ದಿನವನ್ನು ಮನೆಯವರಿಗೂ ಹೇಳಿಹೋಗಬೇಕು.

ನಿವಾಸ ಪರವಾನಗಿ ನವೀಕರಿಸುವಾಗ ವಿದೇಶಿಯರ ಕಚೇರಿ ಮುಂದಿನ ಅವಧಿಯ ಹಣದ ಪುರಾವೆಯನ್ನು ಮತ್ತೆ ಕೇಳುತ್ತದೆ. 2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಆ ಸಂಬಳ ತಿಂಗಳು ತಪ್ಪದೆ ಗಿರೋಕಾಂಟೊಗೆ ಬಿದ್ದಿದ್ದರೆ ಕೆಲಸದ ಕರಾರು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟನ್ನೇ ಒಪ್ಪುವ ಕಚೇರಿಗಳಿವೆ. ಉಳಿದವು ಬ್ಲಾಕ್ಡ್ ಅಕೌಂಟನ್ನು ಮತ್ತೆ ತುಂಬಿಸುತ್ತವೆ. ಊರಿಂದ ಊರಿಗೆ ಪದ್ಧತಿ ಬೇರೆಯಾದ್ದರಿಂದ ಪರವಾನಗಿ ಮುಗಿಯುವ ಮೂರು ತಿಂಗಳ ಮೊದಲೇ ಆಯಾ ಕಚೇರಿಗೆ ಬರೆದು ಕೇಳಿಕೊಳ್ಳಬೇಕು.